ಹಿದುಕಬೇಳೆ ಮಿಷನ್ನು

ಆಗೆಲ್ಲ ಮಾಗಡಿಯ ನಮ್ಮ ಬೀದಿಯವರು ತ್ರೀ ಫೇಸ್ ಕರೆಂಟು ಬಂತೋ ಇಲ್ಲವೋ ಎಂದು ತಿಳಿಯಲು ಸ್ವಿಚ್ಚು ಒತ್ತಿ ನೋಡುತ್ತಿರಲಿಲ್ಲ. ನಮ್ಮಜ್ಜಿಯ ಮಿಲ್ಲು ಸದ್ದು ಮಾಡಿದರೆ ಬಂದಿದೆ, ನಿಂತರೆ ಹೋಗಿದೆ, ಅಷ್ಟೆ. ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಇದ್ದ ಆ ಹಿಟ್ಟಿನ ಮಿಲ್ಲಿಗೆ ಸುತ್ತಲ ಹಳ್ಳಿಗಳಿಂದ, ಸಾವನದುರ್ಗದ ಬುಡದ ಊರುಗಳಿಂದ ಕೂಡ, ಜನ ಬಸ್ಸಿನ ಟಾಪಿನ ಮೇಲೆ ರಾಗಿ ಮೂಟೆ ಹಾಕಿಕೊಂಡು ಬರುತ್ತಿದ್ದರು. ಬೇಸಿಗೆಯಲ್ಲಿ ಮೆಣಸಿನಕಾಯಿ ಬೀಸುವ ದಿನ ಬೀದಿಗೆ ಬೀದಿಯೇ ಸೀನುತ್ತಿತ್ತು. ಉಳಿದ ದಿನಗಳಲ್ಲಿ ಬಿಸಿ ರಾಗಿಹಿಟ್ಟಿನ ವಾಸನೆ. ಅದು ನಮ್ಮ ಹಾಸಿಗೆಗೂ ಇತ್ತು, ಶಾಲೆಯ ಯೂನಿಫಾರಮ್ಮಿಗೂ ಇತ್ತು.

ತಾತ ತೀರಿಕೊಂಡ ಮೇಲೆ ಮಿಲ್ಲು ನಡೆಸಿದವಳು ಅಜ್ಜಿಯೇ. ಗಂಗಮ್ಮ ಅಂತ ಅವಳ ಹೆಸರು. ಹಣೆಯ ಮೇಲೆ ವಿಭೂತಿ, ಅದರ ಮೇಲೆ ಹಿಟ್ಟು, ರೆಪ್ಪೆಯ ಮೇಲೂ ಹಿಟ್ಟು. ಮೋಟರಿನ ಸದ್ದಿಗಿಂತ ಎತ್ತರದಲ್ಲಿ ಮಾತಾಡಿ ಮಾತಾಡಿ ಅವಳ ಗಂಟಲೇ ಹಾಗಾಗಿಹೋಗಿತ್ತು. ಮನೆಯೊಳಗೆ ಬಂದು ಗುಟ್ಟು ಹೇಳಿದರೂ ಎದುರು ಮನೆಗೆ ಕೇಳುತ್ತಿತ್ತು. ಮೋಟರಿಗೂ ಗಾಲಿಗೂ ನಡುವೆ ಓಡುವ ಬೆಲ್ಟಿನ ಹತ್ತಿರ ಯಾವ ಹೆಂಗಸು ಸುಳಿದರೂ ಅವಳು, "ಸೆರಗು! ಸೆರಗು ಜ್ವಾಪಾನ!" ಎಂದು ಕೂಗುತ್ತಿದ್ದಳು. ಆ ಮಿಲ್ಲಿನಲ್ಲಿ ಯಾರ ಸೆರಗೂ ಬೆಲ್ಟಿಗೆ ಸಿಕ್ಕಿಕೊಳ್ಳದೆ ಇದ್ದದ್ದು ಆ ಕೂಗಿನಿಂದಲೇ ಎಂದು ಎಲ್ಲರೂ ನಂಬಿದ್ದರು.

ನಾನು ಅವಳ ಒಬ್ಬಳೇ ಮೊಮ್ಮಗಳು. ಆದರೂ ಅಜ್ಜಿ ನನ್ನ ಪಾಲಿಗೆ ಸಿಕ್ಕುತ್ತಿದ್ದದ್ದು ಕಡಿಮೆ. ನಾನು ಏಳುವ ಹೊತ್ತಿಗೆ ಮಿಲ್ಲಿನಲ್ಲಿರುತ್ತಿದ್ದಳು, ಮಲಗುವ ಹೊತ್ತಿಗೆ ಇನ್ನೂ ಅಲ್ಲಿಯೇ ಇರುತ್ತಿದ್ದಳು. ಕಥೆ ಹೇಳು ಎಂದರೆ, "ಕರೆಂಟ್ ಹೋಗ್ಲಿ, ತಡಿಯವ್ವ" ಅನ್ನುತ್ತಿದ್ದಳು. ಕರೆಂಟು ಹೋದರೆ ಕಲ್ಲು ಕುಟ್ಟಲು ಕೂರುತ್ತಿದ್ದಳು. ಬೀಸುವ ಕಲ್ಲು ನಯವಾದರೆ ಹಿಟ್ಟು ದಪ್ಪ ಬೀಳುತ್ತದೆ, ಉಳಿಯಲ್ಲಿ ಕುಟ್ಟಿ ಮತ್ತೆ ಒರಟು ಮಾಡಬೇಕು. ಆ ಕೆಲಸವನ್ನು ಅವಳು ಬೇರೆಯವರ ಕೈಗೆ ಕೊಟ್ಟದ್ದನ್ನು ನಾನು ನೋಡಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ ಮಿಲ್ಲು ಓಡುತ್ತಲೇ ಇತ್ತು, ಅಜ್ಜಿಯ ದನಿ ಮಾತ್ರ ಕೇಳಲಿಲ್ಲ. ಹಿಟ್ಟು ಬೀಳುವ ಬಟ್ಟೆಯ ತೋಳು ತುಂಬಿ ನೆಲಕ್ಕೆ ಚೆಲ್ಲುತ್ತಿದ್ದುದನ್ನು ಕಂಡು ಯಾರೋ ಒಳಗೆ ನುಗ್ಗಿದರು. ಅಜ್ಜಿ ಮೂಟೆಗಳ ನಡುವೆ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು.

ಲಕ್ವ ಎಂದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಮನೆಗೆ ಬಂದಳು. ಕಾಲು ಒಸಿ ಒಸಿ ಎಳೆದುಕೊಂಡು ನಡೆಯುವಷ್ಟಾಗಿತ್ತು. ಬಲಗೈ ಬಂದಿರಲಿಲ್ಲ, ಮಾತೂ ಬಂದಿರಲಿಲ್ಲ. ಏನು ಕೇಳಿದರೂ ಗಂಟಲಿನಿಂದ "ಊಂ" ಎಂಬ ಒಂದೇ ಸದ್ದು. ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕಿದ್ದ ಅಪ್ಪ ಮಿಲ್ಲಿಗೆ ಬೀಗ ಹಾಕಿದರು. ಬೀದಿಯವರು ಕರೆಂಟು ನೋಡಲು ಸ್ವಿಚ್ಚು ಒತ್ತುವುದನ್ನು ಕಲಿತರು.

ಅಜ್ಜಿ ನಡುಮನೆಯ ಪಕ್ಕದ ಕೋಣೆಯಲ್ಲಿ, ಮಂಚದ ಮೇಲೆ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಗಂಜಿ ಎರಡು ಚಮಚಕ್ಕಿಂತ ಹೆಚ್ಚು ಇಳಿಯುತ್ತಿರಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋ ಮೇಡಂ ಅಮ್ಮನನ್ನು ಬಾಗಿಲ ಹೊರಗೆ ಕರೆದು ಹೇಳಿದ್ದು ನನಗೂ ಕೇಳಿಸಿತು.

"ಬೆರಳಿಗೆ ಕೆಲಸ ಕೊಡ್ಬೇಕಮ್ಮ. ಕಾಳು ಆರಿಸೋದು, ಮಣಿ ಪೋಣಿಸೋದು, ಏನಾದ್ರೂ ಸರಿ. ಕೈ ಬರೋದಾದ್ರೆ ಈಗ್ಲೇ ಬರ್ಬೇಕು. ಹಿಂಗೇ ಮಲಗಿದ್ರೆ ಕಷ್ಟ."

ಅಮ್ಮ ತಟ್ಟೆಯಲ್ಲಿ ಒಂದು ಹಿಡಿ ಅವರೆಕಾಳು ಹರಡಿ ತಂದು ಅಜ್ಜಿಯ ಮುಂದಿಟ್ಟರು. "ಅತ್ತೆ, ಒಂದೊಂದೇ ತೆಗೆದು ಈ ಬಟ್ಲಿಗೆ ಹಾಕಿ." ಅಜ್ಜಿ ಕಾಳನ್ನು ನೋಡಿದಳು, ಅಮ್ಮನನ್ನು ನೋಡಿದಳು. ಮೂಟೆಗಟ್ಟಲೆ ರಾಗಿ ಎತ್ತಿ ಸುರಿದ ಹೆಂಗಸು ಅವಳು. ಎಡಗೈಯಿಂದ ತಟ್ಟೆಯನ್ನು ತಳ್ಳಿಬಿಟ್ಟಳು. ಕಾಳು ಕೋಣೆಯ ತುಂಬ ಉರುಳಿದವು. ಅಮ್ಮ ಕೂತು ಎಲ್ಲವನ್ನೂ ಆರಿಸಿದರು.

ಆ ವಾರವೇ ಮೈಸೂರಿನಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಅಜ್ಜಿಯನ್ನು ನೋಡಲು ಬಂದರು. ಬರುವಾಗ ತಮ್ಮ ಮಗ ಆಡಿ ಬಿಟ್ಟಿದ್ದ ಪ್ಲಾಸ್ಟಿಕ್ ಇಟ್ಟಿಗೆಗಳ ಒಂದು ದೊಡ್ಡ ಚೀಲವನ್ನು ನನಗಾಗಿ ತಂದರು. "ಅವ್ನು ಕಾಲೇಜಿಗೆ ಹೋದ ಕಣೇ, ಇನ್ನೇನು ಮಾಡ್ತಾನೆ ಇದನ್ನ" ಎಂದರು. ಚೀಲವನ್ನು ಚಾಪೆಯ ಮೇಲೆ ಬೋರಲು ಹಾಕಿದಾಗ ಆದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೇಲೆ ಸಣ್ಣ ಸಣ್ಣ ಉಬ್ಬುಗಳಿರುವ ಕೆಂಪು, ಹಳದಿ, ನೀಲಿ ಇಟ್ಟಿಗೆಗಳು. ಒಂದರ ಮೇಲೊಂದು ಒತ್ತಿದರೆ 'ಟಕ್' ಎಂದು ಕಚ್ಚಿಕೊಳ್ಳುವವು. ಅದರೊಳಗೆ ಹಲ್ಲಿನ ಚಕ್ರಗಳಿದ್ದವು, ತೂತಿರುವ ಪಟ್ಟಿಗಳು, ಕಪ್ಪು ಕಡ್ಡಿಗಳು, ಮತ್ತೆ ಬ್ಯಾಟರಿ ಹಾಕಿದರೆ ತಿರುಗುವ ಒಂದು ಪುಟ್ಟ ಮೋಟರು. ಹೇಗೆ ಜೋಡಿಸಬೇಕೆಂದು ತೋರಿಸುವ ಚಿತ್ರದ ಪುಸ್ತಕ ಎಲ್ಲೋ ಕಳೆದುಹೋಗಿತ್ತು.

ಶಾಲೆಯಿಂದ ಬಂದ ಮೇಲೆ ಅಜ್ಜಿಯ ಹತ್ತಿರ ಕೂತಿರಬೇಕೆಂದು ಅಮ್ಮ ಹೇಳಿದ್ದರಿಂದ ನನ್ನ ಕಾರ್ಖಾನೆ ಅಜ್ಜಿಯ ಮಂಚದ ಪಕ್ಕದ ನೆಲದ ಮೇಲೆಯೇ ಶುರುವಾಯಿತು. ಮೊದಲು ಗಾಡಿ ಮಾಡಿದೆ, ಆಮೇಲೆ ಏಣಿ. ಅಜ್ಜಿ ತಿರುಗಿ ಕೂಡ ನೋಡಲಿಲ್ಲ.

ಒಂದು ದಿನ ಗುಡಿ ಕಟ್ಟಿದೆ. ನಾಲ್ಕು ಕಂಬ, ಮೇಲೊಂದು ಗೋಪುರ, ಒಳಗೆ ಲಿಂಗವೆಂದು ಒಂದು ದುಂಡನೆಯ ಕಪ್ಪು ತುಂಡು. ಗುಡಿಯ ಸುತ್ತ ತಿರುಗುವಂತೆ ಒಂದು ತಟ್ಟೆ, ತಟ್ಟೆಯ ಮೇಲೆ ಪ್ರದಕ್ಷಿಣೆ ಹಾಕುವ ಇಬ್ಬರು ಭಕ್ತರು. ಮೋಟರಿನ ಚಕ್ರಕ್ಕೂ ತಟ್ಟೆಯ ಕೆಳಗಿನ ಚಕ್ರಕ್ಕೂ ಅಮ್ಮನ ರಬ್ಬರ್ ಬ್ಯಾಂಡನ್ನು ಬೆಲ್ಟಿನ ಹಾಗೆ ಹಾಕಿದೆ. ಬಟನ್ ಒತ್ತಿದಾಗ ಮೋಟರು ಗುರ್ ಎಂದಿತು.

ಆ ಸದ್ದಿಗೆ ಅಜ್ಜಿ ಗೋಡೆ ಬಿಟ್ಟು ಈ ಕಡೆ ತಿರುಗಿದಳು.

ಎಷ್ಟೋ ಹೊತ್ತು ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿ "ಊಂ! ಊಂ!" ಎಂದಳು. ನೀರು ಬೇಕೇನೋ ಎಂದು ಲೋಟ ಹಿಡಿದೆ, ಬೇಡವೆಂದು ತಲೆಯಾಡಿಸಿದಳು. ಅಮ್ಮನನ್ನು ಕರೆಯಲೇ ಎಂದೆ. ಕೋಪ ಬಂತು. ಎಡಗೈಯಿಂದ ಮಂಚದ ಅಂಚು ಹಿಡಿದು ಕಾಲು ಕೆಳಗೆ ಬಿಟ್ಟು, ನಾನು ಹಿಡಿದುಕೊಳ್ಳುವಷ್ಟರಲ್ಲಿ ಜಾರಿಕೊಂಡು ನೆಲದ ಮೇಲೆ ಕೂತೇಬಿಟ್ಟಳು. ಗುಡಿಯ ಸುತ್ತ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಳು. ಆಗ ನನಗೆ ತಿಳಿಯಿತು. ನನ್ನ ಭಕ್ತರು ಉಲ್ಟಾ ಸುತ್ತುತ್ತಿದ್ದರು, ಅಪ್ರದಕ್ಷಿಣೆ.

ಮೋಟರು ಉಲ್ಟಾ ತಿರುಗಿಸುವುದು ಹೇಗೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅಜ್ಜಿ ರಬ್ಬರ್ ಬ್ಯಾಂಡನ್ನು ಎಡಗೈಯಿಂದ ಬಿಚ್ಚಿದಳು. ಅದನ್ನು ನಡುವೆ ತಿರುಚಿ ಎಂಟರ ಅಂಕಿಯ ಹಾಗೆ ಮಾಡಿ ಮತ್ತೆ ಹಾಕಬೇಕೆಂದು ನೋಡಿದಳು. ಒಂದು ಕೈಯಲ್ಲಿ ಆಗಲಿಲ್ಲ. ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಕಳಚಿಕೊಳ್ಳುತ್ತಿತ್ತು. ಕೊನೆಗೆ ತೊಡೆಯ ಮೇಲೆ ಸತ್ತಂತೆ ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ತಂದು ಗುಡಿಯ ಮೇಲೆ ಭಾರಕ್ಕೆ ಇಟ್ಟಳು. ಅದು ಅಲುಗಾಡದಂತೆ ಒತ್ತಿ ಹಿಡಿದು ಬ್ಯಾಂಡು ಹಾಕಿದಳು. ನಾನು ಬಟನ್ ಒತ್ತಿದೆ. ಭಕ್ತರು ಸರಿಯಾದ ದಿಕ್ಕಿಗೆ ಸುತ್ತತೊಡಗಿದರು. ಅಜ್ಜಿ ಎಡಗೈಯನ್ನೇ ಹಣೆಗೆ ಮುಟ್ಟಿಸಿ ಕೈಮುಗಿದಳು.

ಸಂಜೆ ಕೆಲಸದಿಂದ ಬಂದ ಅಪ್ಪ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟರು. ಅಜ್ಜಿ ನೆಲದ ಮೇಲೆ ಇಟ್ಟಿಗೆಗಳ ರಾಶಿಯ ನಡುವೆ ಕೂತಿದ್ದಳು.

"ಯಾಕವ್ವ ಕೆಳಕ್ಕೆ ಇಳ್ದೆ? ಥಂಡಿ ಕಣವ್ವ" ಎಂದರು. ಅಜ್ಜಿ ಅವರ ಕಡೆ ನೋಡಲಿಲ್ಲ. ಹಲ್ಲಿನ ಚಕ್ರ ಹುಡುಕುತ್ತಿದ್ದಳು.

ಅಲ್ಲಿಂದ ನಮ್ಮಿಬ್ಬರ ಸಂಜೆಗಳು ಬದಲಾದವು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅಜ್ಜಿ ಚಾಪೆ ಹಾಸಿಸಿಕೊಂಡು ಕೂತಿರುತ್ತಿದ್ದಳು. ಮಾತ್ರೆಯ ಪಟ್ಟಿಯನ್ನು ನೆಲದಿಂದ ಮಂಚಕ್ಕೆ ಎತ್ತುವ ಕ್ರೇನು ಮಾಡಿದೆವು. ಹುಣಸೆಬೀಜ ಇಟ್ಟು ತೂಗುವ ತಕ್ಕಡಿ ಮಾಡಿದೆವು. ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಚಿಕ್ಕ ಚಕ್ರ ಯಾಕೆ ಅಷ್ಟೊಂದು ಸುತ್ತು ಹಾಕುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅಲ್ಲಿ ಕೂತು ಹಲ್ಲು ಎಣಿಸಿ ಕಂಡುಕೊಂಡೆ. ಅಜ್ಜಿಗೆ ಮಾತಿಲ್ಲದ್ದರಿಂದ ಎಲ್ಲವೂ ಕೈಸನ್ನೆಯಲ್ಲೇ. ತಪ್ಪು ಚಕ್ರ ಎತ್ತಿಕೊಂಡರೆ ನನ್ನ ಮಣಿಕಟ್ಟಿಗೆ ಮೆಲ್ಲಗೆ ಒಂದು ಏಟು. ಸರಿಯಾದದ್ದು ಎತ್ತಿಕೊಂಡರೆ ಏನೂ ಇಲ್ಲ. ಅವಳು ಹೊಗಳುತ್ತಿದ್ದುದು ಹಾಗೆ. ಬಲಗೈ ಮಾತ್ರ ಒತ್ತುಗಲ್ಲಿನ ಹಾಗೆ ಇಟ್ಟಲ್ಲಿ ಇರುತ್ತಿತ್ತು.

ಅಷ್ಟರಲ್ಲಿ ಅವರೆಕಾಯಿ ಕಾಲ ಏರಿಕೊಂಡಿತು. ಮಾಗಡಿಯಲ್ಲಿ ಆ ಎರಡು ತಿಂಗಳು ಬೇರೆ ತರಕಾರಿಯ ಹೆಸರು ಎತ್ತುವವರಿಲ್ಲ. ಬಸ್ ಸ್ಟ್ಯಾಂಡಿನ ತನಕ ಸೊಗಡು. ಕಾಯಿ ಬಿಡಿಸಿದರೆ ಅಂಗೈಗೆ ಎಣ್ಣೆಯಂಥ ಅಂಟು, ಸೋಪು ಹಾಕಿದರೂ ಹೋಗದ ವಾಸನೆ. ನೆನೆಹಾಕಿದ ಕಾಳನ್ನು ಬೆರಳಿನ ನಡುವೆ ಹಿಡಿದು ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಆಚೆ ಬರುತ್ತದೆ. ಅದೇ ಹಿದುಕಬೇಳೆ. ಅದರ ಸಾರಿಗೆ ಬಿಸಿ ಮುದ್ದೆ ಇದ್ದರೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಮಾತಾಡುತ್ತಿರಲಿಲ್ಲ.

ಒಂದು ಭಾನುವಾರ ಅಮ್ಮ ನೆನೆದ ಕಾಳಿನ ಪಾತ್ರೆ ತಂದು ಅಜ್ಜಿಯ ಕೋಣೆಯಲ್ಲೇ ಕೂತರು. ನಾನೂ ಕೈ ಹಾಕಿದೆ. ಅಮ್ಮನ ಬೆರಳು ಪಟಪಟನೆ ಓಡುತ್ತಿತ್ತು. ಅಜ್ಜಿ ಸ್ವಲ್ಪ ಹೊತ್ತು ನೋಡಿ, ಎಡಗೈಯಿಂದ ಒಂದು ಕಾಳು ತೆಗೆದು ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟುಕೊಂಡಳು. ಒತ್ತಿದಳು. ಕಾಳು ಜಾರಿ ಮಡಿಲಿಗೆ ಬಿತ್ತು. ಮತ್ತೆ ಇಟ್ಟುಕೊಂಡಳು, ಮತ್ತೆ ಬಿತ್ತು. ಅಮ್ಮ ಕಂಡೂ ಕಾಣದವರ ಹಾಗೆ ತಲೆ ತಗ್ಗಿಸಿ ಹಿದುಕುತ್ತಲೇ ಇದ್ದರು. ತುಸು ಹೊತ್ತಿನ ಮೇಲೆ ನಾನು ತಲೆಯೆತ್ತಿ ನೋಡಿದೆ. ಅಜ್ಜಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ತಾತ ಸತ್ತ ದಿನವೂ ಅಜ್ಜಿ ಎಲ್ಲರೆದುರು ಅಳಲಿಲ್ಲ ಎಂದು ಅಮ್ಮ ಹೇಳಿದ್ದರು.

ನನ್ನ ಬಾಯಿಗೆ ಬಂದದ್ದು ಹೇಳಿದೆ.

"ಅಜ್ಜಿ, ನಿನ್ನ ಬೆರಳು ಸರಿ ಹೋಗೋಗಂಟ ಒಂದು ಮಿಷನ್ ಮಾಡಣ. ಹಿದುಕೋ ಮಿಷನ್."

ಅಮ್ಮ ಸೆರಗಿನಲ್ಲಿ ಅಜ್ಜಿಯ ಕೆನ್ನೆ ಒರೆಸಿ, "ಮಾಡ್ರಿ ಅತ್ತೆ, ನನ್ ಬೆರಳೂ ನೋಯ್ತಾವೆ" ಎಂದರು.

ಮಾಡುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಎರಡು ಉರುಳೆ, ಬಟ್ಟೆ ಹಿಂಡುವ ಯಂತ್ರದ ಹಾಗೆ ಒಂದಕ್ಕೊಂದು ತಾಗಿ ಎದುರು ಬದುರು ತಿರುಗಬೇಕು. ನಡುವೆ ಕಾಳು ಸಿಕ್ಕಿದರೆ ಸಿಪ್ಪೆ ಒಳಗೆ ಹೋಗಬೇಕು, ಬೇಳೆ ಈಚೆ ಉಳಿಯಬೇಕು. ಎದುರು ಬದುರು ತಿರುಗಿಸಲು ಎರಡು ಹಲ್ಲಿನ ಚಕ್ರ ಕಚ್ಚಿಸಿದರೆ ಆಯಿತು, ಅದು ಗೊತ್ತಿತ್ತು. ಆದರೆ ಪ್ಲಾಸ್ಟಿಕ್ ಉರುಳೆಯ ಮೇಲೆ ನೆನೆದ ಕಾಳು ನಿಲ್ಲುತ್ತಲೇ ಇರಲಿಲ್ಲ, ಜಾರುತ್ತಿತ್ತು. ಅಜ್ಜಿ ತನ್ನ ಚಪ್ಪಲಿ ತೋರಿಸಿದಳು. ಚಪ್ಪಲಿಯೇ? ಅಲ್ಲ, ಅದರ ತಳ. ರಬ್ಬರು! ನಾನು ಪಂಕ್ಚರ್ ಅಂಗಡಿಗೆ ಓಡಿ ಹಳೆಯ ಸೈಕಲ್ ಟ್ಯೂಬಿನ ತುಂಡು ಬೇಡಿ ತಂದೆ. ಅಮ್ಮ ಅದನ್ನು ಕತ್ತರಿಸಿ ಉರುಳೆಗಳಿಗೆ ತೋಳಿನ ಹಾಗೆ ಏರಿಸಿ ಹೊಲಿದು ಕೊಟ್ಟರು.

ಈಗ ಹಿಡಿತ ಬಂತು, ವಿಪರೀತವಾಗಿಯೇ ಬಂತು. ಮೊದಲ ಕಾಳು ಅಪ್ಪಚ್ಚಿಯಾಯಿತು. ಉರುಳೆಗಳನ್ನು ಪಟ್ಟಿಯಲ್ಲಿ ಒಂದು ತೂತಿನಷ್ಟು ದೂರ ಸರಿಸಿದೆ. ಎರಡನೆಯ ಕಾಳು ಹಾಕಿ, ಉರುಳೆಗೆ ಸಿಕ್ಕಿಸಿದ್ದ ಹಿಡಿ ತಿರುಗಿಸಿದೆ. ಕಾಳು ಬಂದೂಕಿನ ಗುಂಡಿನ ಹಾಗೆ ಹಾರಿ, ಪೇಪರು ಓದುತ್ತಾ ಕೂತಿದ್ದ ಅಪ್ಪನ ಹಣೆಗೆ ನೇರ ಹೋಗಿ ಬಡಿಯಿತು. ಅಪ್ಪ ಬೆಚ್ಚಿ ಪೇಪರು ಇಳಿಸಿ, "ಏನೇ ಅದು?" ಎಂದರು. ಹಿಂದಿನಿಂದ ವಿಚಿತ್ರವಾದ ಒಂದು ಸದ್ದು ಬಂತು. ತಿರುಗಿ ನೋಡಿದರೆ ಅಜ್ಜಿ. ಅರ್ಧ ಬಾಯಿಯಲ್ಲಿ, ಮೈ ಕುಲುಕಿಸಿ, ನಗುತ್ತಿದ್ದಳು. ಅಪ್ಪ ಹಣೆ ಒರೆಸಿಕೊಳ್ಳಲೇ ಇಲ್ಲ. "ಇನ್ನೊಂದು ಹೊಡಿಯವ್ವ" ಎಂದು ಪೇಪರನ್ನು ಪಕ್ಕಕ್ಕಿಟ್ಟು ಹಣೆ ಮುಂದೆ ಮಾಡಿ ಕೂತರು.

ಉರುಳೆಯ ನಡುವಿನ ಸಂದು ಸರಿ ಮಾಡುವುದರಲ್ಲೇ ಒಂದು ವಾರ ಹೋಯಿತು. ಒಂದು ತೂತು ಹತ್ತಿರವಾದರೆ ಜಜ್ಜಿಹೋಗುತ್ತದೆ, ಒಂದು ತೂತು ದೂರವಾದರೆ ಇಡೀ ಕಾಳೇ ಆಚೆ ಬೀಳುತ್ತದೆ. ನಡುವೆ ತೂತಿಲ್ಲ. ಕೊನೆಗೆ ಹಳೆಯ ಮದುವೆ ಕಾಗದದ ದಪ್ಪ ರಟ್ಟನ್ನು ಮಡಚಿ ಪಟ್ಟಿಯ ಹಿಂದೆ ತುರುಕಿ ಉರುಳೆಯನ್ನು ಒಂದು ಕೂದಲೆಳೆಯಷ್ಟು ಹತ್ತಿರ ತಂದೆವು. ಅಂದು ಮೋಟರು ಹಾಕಿದಾಗ ಕಾಳು ಉರುಳೆಗಳ ನಡುವೆ ಕುಣಿದಂತೆ ಮಾಡಿ, ಸಿಪ್ಪೆ ಕೆಳಗಿಳಿದು, ಹಾಲಿನ ಬಣ್ಣದ ಬೇಳೆ ಇಡಿಯಾಗಿ ಈ ಕಡೆಯ ತಟ್ಟೆಗೆ ಉರುಳಿತು.

ನಾನು ಕಿರುಚಿದ ರಭಸಕ್ಕೆ ಅಮ್ಮ ಅಡುಗೆಮನೆಯಿಂದ ಓಡಿ ಬಂದರು. "ಎಲ್ಲಿ, ಎಲ್ಲಿ, ನೋಡಣ" ಎಂದು ತಿರುಗುತ್ತಿದ್ದ ಯಂತ್ರದ ಮೇಲೆ ಬಗ್ಗಿದರು. ಹೆಗಲಿನಿಂದ ಅವರ ಸೆರಗು ಜಾರಿ ಉರುಳೆಯ ಪಕ್ಕಕ್ಕೆ ಇಳಿಯಿತು.

"ಸೆರಗು!"

ಹಳೆಯ ದನಿ. ಎದುರು ಮನೆಗೂ ಕೇಳುವ ದನಿ.

ಅಮ್ಮ ಅಭ್ಯಾಸಬಲದಿಂದ ಸರಕ್ಕನೆ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ, ಕೂಗಿದವರು ಯಾರು ಎಂಬುದು ತಲೆಗೆ ಹೋದ ಮೇಲೆ, ಅಜ್ಜಿಯ ಎದುರು ನೆಲದ ಮೇಲೆ ಕೂತರು. ಅಜ್ಜಿ ತನ್ನ ಬಾಯಿಯನ್ನು ತಾನೇ ಎಡಗೈಯಿಂದ ಮುಟ್ಟಿಕೊಂಡು ನೋಡುತ್ತಿದ್ದಳು. ಆ ಪುಟ್ಟ ಮೋಟರಿಗೆ ಒಂದು ಎಳೆ ದಾರ ಸುತ್ತಿಕೊಂಡರೂ ನಿಂತುಹೋಗುತ್ತಿತ್ತು. ಅದು ಅಜ್ಜಿಗೂ ಗೊತ್ತಿತ್ತು. ಆದರೂ ಬಂದದ್ದು ಆ ಮಾತು.

"ಇನ್ನೊಂದ್ ಸಲ ಅನ್ನಿ ಅತ್ತೆ" ಎಂದು ಅಮ್ಮ ಅಳುತ್ತಲೇ ಕೇಳಿದರು.

ಅಜ್ಜಿ ಪ್ರಯತ್ನಪಟ್ಟಳು. ತುಟಿ ಅಲುಗಾಡಿತು, ಮಾತು ಬರಲಿಲ್ಲ. ಅವತ್ತು ಬರಲೂ ಇಲ್ಲ. ಆದರೆ ಮಾರನೆಯ ದಿನ ನಾನು ಶಾಲೆಯಿಂದ ಬಂದಾಗ, "ಬಾ" ಎಂದಳು.

ಮಾತುಗಳು ಒಂದೊಂದೇ ಬಂದವು, ತಮಗೆ ಬೇಕಾದ ಹಾಗೆ ಬಂದವು. ನೀರು ಬೇಕಾದರೆ "ರಾಗಿ" ಅನ್ನುತ್ತಿದ್ದಳು. ನನ್ನನ್ನು ಕೆಲವು ದಿನ "ಬೆಲ್ಟು" ಎಂದೇ ಕರೆದಳು. ತಪ್ಪೆಂದು ಅವಳಿಗೇ ತಿಳಿದು ಹಣೆ ಚಚ್ಚಿಕೊಳ್ಳುತ್ತಿದ್ದಳು. "ಹಂಗೇ ಕರಿ ಅಜ್ಜಿ, ಚೆನ್ನಾಗೈತೆ" ಎಂದರೆ ನಗುತ್ತಿದ್ದಳು. ಯಂತ್ರಕ್ಕೆ ಹಿಡಿಗಟ್ಟಲೆ ಕಾಳು ಸುರಿಯುವ ಹಾಗಿರಲಿಲ್ಲ, ಸಂದಿಗೆ ಒಂದೊಂದೇ ಇಡಬೇಕಿತ್ತು. ಅದನ್ನು ಅಜ್ಜಿ ಬಲಗೈಯಲ್ಲೇ ಇಡುತ್ತೇನೆಂದು ಹಟ ಹಿಡಿದಳು. ಇಟ್ಟದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಆದರೆ ಈ ಸಲ ಕಾಳು ಬಿದ್ದರೆ ತಟ್ಟೆ ತಳ್ಳಲಿಲ್ಲ. ಬಿದ್ದದ್ದನ್ನು ಹುಡುಕಿ ತಂದು ಮತ್ತೆ ಇಡುತ್ತಿದ್ದಳು. ಅಮ್ಮ ಅಡುಗೆಮನೆಯಿಂದ, "ನಾನು ಒಂದು ಸೇರು ಹಿದುಕೋ ಹೊತ್ಗೆ ನಿಮ್ ಮಿಷನ್ನು ಒಂದು ಚಮಚ ಮಾಡ್ತು" ಎಂದು ಹಾಸ್ಯ ಮಾಡುತ್ತಿದ್ದರು. ಆ ಒಂದು ಚಮಚವನ್ನು ಬೇರೆಯಾಗಿ ಎತ್ತಿಟ್ಟು ಅಪ್ಪನ ಸಾರಿಗೆ ಹಾಕುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ನಾನು ಅಜ್ಜಿಯ ಲಿಂಗಪೂಜೆಯ ಹೊತ್ತಿಗೆ ಹೂವು ಕೊಡಲು ಹೋದೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಬಲಗೈಯಿಂದ ವಿಭೂತಿ ಧರಿಸಬೇಕು. ಲಕ್ವ ಹೊಡೆದಾಗಿನಿಂದ ಅಮ್ಮನೇ ಅವಳಿಗೆ ವಿಭೂತಿ ಹಚ್ಚುತ್ತಿದ್ದರು, ಅವಳು ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಅಂದು ಬಲಗೈ ನಡುಗುತ್ತಾ ಬಟ್ಟಲಿಗೆ ಹೋಯಿತು. ಮೂರು ಬೆರಳು ವಿಭೂತಿಯ ಮೇಲೆ ಸವರಿದವು. ಹಣೆಯವರೆಗೆ ಬರಲು ಬಹಳ ಹೊತ್ತು ಹಿಡಿಯಿತು. ಗೆರೆಗಳು ಸೊಟ್ಟಗೆ ಬಂದವು, ಒಂದು ಹುಬ್ಬಿನ ಮೇಲೂ ಹರಿಯಿತು. ಅವತ್ತು ಇಡೀ ದಿನ ಮನೆಯಲ್ಲಿ ಯಾರೂ ಅದನ್ನು ಒರೆಸಿ ಸರಿ ಮಾಡಲಿಲ್ಲ.

ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನ ಬಂತು. ಹಿದುಕಬೇಳೆ ಮಿಷನ್ನನ್ನು ರಟ್ಟಿನ ಡಬ್ಬದಲ್ಲಿಟ್ಟು, ಅಪ್ಪನ ಸ್ಕೂಟರಿನ ಹಿಂದೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಅಜ್ಜಿ ಬರುತ್ತೇನೆಂದು ಹಟ ಮಾಡಿ ಅಮ್ಮನ ಜೊತೆ ಆಟೋದಲ್ಲಿ ಬಂದಳು. ನನ್ನ ಪಕ್ಕದ ಮೇಜಿನ ಹುಡುಗ ಮಣ್ಣಿನಲ್ಲಿ ಜ್ವಾಲಾಮುಖಿ ಮಾಡಿದ್ದ. ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿದರೆ ಕೆಂಪು ನೊರೆ ಉಕ್ಕುತ್ತಿತ್ತು. ಜನವೆಲ್ಲ ಅಲ್ಲಿ. ನನ್ನ ಮೇಜಿಗೆ ಬಂದ ಚಿಕ್ಕ ಮಕ್ಕಳು ಮೋಟರಿನ ಬಟನ್ ಒತ್ತಿ ಒತ್ತಿ ಆಡಿದರು. ಬಹುಮಾನ ಕೊಡಲು ಬಂದಿದ್ದ ಮೇಷ್ಟರು ನನ್ನ ಮುಂದೆ ನಿಲ್ಲುವ ಹೊತ್ತಿಗೆ ಬ್ಯಾಟರಿ ಖಾಲಿ. ಮೋಟರು ಒಮ್ಮೆ ನರಳಿ ನಿಂತಿತು.

ನನಗೆ ಅಳು ಬಂತು. ಕಲಿತಿದ್ದ ಮಾತೆಲ್ಲ, ಹಲ್ಲಿನ ಚಕ್ರ, ಘರ್ಷಣೆ, ಎಲ್ಲ ಮರೆತುಹೋಯಿತು. ಮೇಷ್ಟರು ಸಮಾಧಾನವಾಗಿಯೇ, "ಪರವಾಗಿಲ್ಲ ಮಗು. ಅಲ್ಲಾ, ಬೆರಳಲ್ಲೇ ಬೇಗ ಆಗತ್ತಲ್ಲ ಇದು, ಮಿಷನ್ ಯಾಕೆ ಬೇಕು ಅಂತ ಅನ್ನಿಸ್ತು?" ಎಂದು ಕೇಳಿದರು.

ಹಿಂದೆ ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಎದ್ದಳು. ಕಾಲೆಳೆದುಕೊಂಡು ಮೇಜಿನ ಹತ್ತಿರ ಬಂದಳು. ಮೋಟರಿನ ಕಡ್ಡಿ ಕಿತ್ತು, ಕೈಯಿಂದ ತಿರುಗಿಸುವ ಹಿಡಿಯನ್ನು ಸಿಕ್ಕಿಸು ಎಂದು ನನಗೆ ಸನ್ನೆ ಮಾಡಿದಳು. ನಾನು ಸಿಕ್ಕಿಸಿದೆ. ಅವಳು ಬಲಗೈ ಎತ್ತಿ ಹಿಡಿಯ ಮೇಲೆ ಇಟ್ಟಳು. ಬೆರಳು ಮಡಚಿಕೊಳ್ಳಲು ಹೊತ್ತಾಯಿತು. ಮಡಚಿಕೊಂಡವು. ತಿರುಗಿಸಿದಳು, ನಿಲ್ಲಿಸಿ ನಿಲ್ಲಿಸಿ, ತಿರುಗಿಸಿದಳು. ನಾನು ಕಾಳು ಇಡುತ್ತಾ ಹೋದೆ. ಬೇಳೆ ಒಂದೊಂದೇ ಉರುಳಿ ತಟ್ಟೆಗೆ ಬಿತ್ತು.

"ಬೆರಳು..." ಎಂದಳು ಅಜ್ಜಿ ಮೇಷ್ಟರ ಮುಖ ನೋಡಿ. ಮುಂದಿನ ಮಾತಿಗಾಗಿ ಹುಡುಕಿದಳು. ಎಲ್ಲರೂ ಕಾದೆವು. "ಬೆರಳು... ಇಲ್ದೋರ್ಗೆ."

ಮೇಷ್ಟರು ಮೇಜಿನ ಮುಂದೆ ಬಗ್ಗಿ, "ನಾನೂ ಒಂದು ಕಾಳು ಇಡ್ಲಾ ಅಮ್ಮ?" ಎಂದು ಕೇಳಿ, ಇಟ್ಟರು. ಅಜ್ಜಿ ತಿರುಗಿಸಿದಳು.

ಮೊದಲ ಬಹುಮಾನ ಜ್ವಾಲಾಮುಖಿಗೆ ಹೋಯಿತು. ನನಗೆ ಸಮಾಧಾನಕರ ಬಹುಮಾನವೆಂದು ಒಂದು ಸ್ಟೀಲ್ ಲೋಟ ಬಂತು. ಆಟೋದಲ್ಲಿ ಮನೆಗೆ ಬರುವಾಗ ಅಜ್ಜಿ ದಾರಿಯುದ್ದಕ್ಕೂ ಏನನ್ನೋ ಹೇಳಲು ಹೆಣಗುತ್ತಿದ್ದಳು. ಮನೆಯ ತಿರುವಿನಲ್ಲಿ ಅದು ಆಚೆ ಬಂತು. "ಸೋಡಾ! ಬರೀ ಸೋಡಾ!" ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ಬೇಸಿಗೆಯಲ್ಲಿ ಅಪ್ಪ ಮಿಲ್ಲಿನ ಬೀಗ ತೆಗೆದರು. ಕೆಲಸಕ್ಕೆ ಒಬ್ಬ ಆಳನ್ನು ಇಟ್ಟು, ಬಾಗಿಲ ಪಕ್ಕ ಅಜ್ಜಿಗೆ ಒಂದು ಕುರ್ಚಿ ಹಾಕಿಸಿದರು. ಅವಳು ಮತ್ತೆ ಮೂಟೆ ಎತ್ತಲಿಲ್ಲ, ಉಳಿ ಹಿಡಿಯಲಿಲ್ಲ. ಆದರೆ ಇನ್ನೂ ಎಂಟೊಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತು, ಒಂದೊಂದೇ ಮಾತು ಹುಡುಕಿ ಹುಡುಕಿ, ಹಳ್ಳಿಯಿಂದ ಬಂದವರ ಮನೆಮಂದಿಯನ್ನೆಲ್ಲ ವಿಚಾರಿಸಿದಳು. ಅಜ್ಜಿ ಮಾತು ಮುಗಿಸುವವರೆಗೆ ಕಾಯುವುದನ್ನು ಜನವೂ ಕಲಿತರು. ನಾನು ಹೈಸ್ಕೂಲಿಗೆ ಹೋದೆ, ಟ್ಯೂಷನ್ನಿಗೆ ಹೋದೆ. ಅಜ್ಜಿ ಮತ್ತೆ ಮಿಲ್ಲಿನವಳಾದಳು. ನಾವಿಬ್ಬರೂ ಚಾಪೆಯ ಮೇಲೆ ಎದುರು ಬದುರು ಕೂತದ್ದು ಆ ಒಂದು ಅವರೆಕಾಯಿ ಕಾಲದಲ್ಲಿ ಮಾತ್ರ.

ನಮ್ಮ ಮನೆಯಲ್ಲಿ ಆ ವರ್ಷವನ್ನು ಎಲ್ಲರೂ 'ಅವ್ವನಿಗೆ ಲಕ್ವ ಹೊಡೆದ ವರ್ಷ' ಎಂದೇ ಕರೆಯುತ್ತಾರೆ. ಕೆಟ್ಟ ಕಾಲದ ಲೆಕ್ಕಕ್ಕೆ ಅದು ಸೇರಿದೆ. ನಾನು ಅವರೆದುರು ಹೇಳಲಾರೆ, ಆದರೆ ನನಗೆ ಅಜ್ಜಿ ಸಿಕ್ಕಿದ ವರ್ಷ ಅದು. ಅವಳ ಕೈ ಹೋಗಿದ್ದರಿಂದಲೇ ಆ ಕೈ ನನ್ನ ಪಾಲಿಗೆ ಬಂತು. ಇದನ್ನು ಯೋಚಿಸಿದಾಗಲೆಲ್ಲ ಸಂತೋಷ ಪಡಬೇಕೋ ಬೇಡವೋ ನನಗೆ ತಿಳಿಯುವುದಿಲ್ಲ.

ಈಗ ನಾನಿರುವುದು ರಾಮನಗರದಲ್ಲಿ. ನಮ್ಮದೊಂದು ಔಷಧಿ ಅಂಗಡಿ. ನನ್ನ ಮಗಳಿಗೂ ಇಟ್ಟಿಗೆಗಳ ಡಬ್ಬಗಳಿವೆ, ಬೇಕಾದಷ್ಟಿವೆ. ಒಂದೊಂದರಲ್ಲೂ ಒಂದೇ ಯಂತ್ರ, ಯಾವ ತುಂಡು ಎಲ್ಲಿಗೆಂದು ತೋರಿಸುವ ಚಿತ್ರಗಳು. ಅವಳು ಚೆನ್ನಾಗಿ ಮಾಡುತ್ತಾಳೆ. "ಅಮ್ಮ, ಕೂತ್ಕೋ ಬಾ" ಎಂದು ಕರೆಯುತ್ತಾಳೆ. ಕೂರುತ್ತೇನೆ. ಕಾಲು ಗಂಟೆಗೆ ಅಂಗಡಿಯಿಂದ ಫೋನು ಬರುತ್ತದೆ. ಒಂದು ವಾರ ಪೂರ್ತಿ ಒಂದು ಸಂದಿಯ ಅಗಲಕ್ಕಾಗಿ ಒಬ್ಬ ದೊಡ್ಡವಳು ಮಗುವಿನ ಜೊತೆ ನೆಲದ ಮೇಲೆ ಕೂತಿರುವುದು ಈಗ ಯಾರ ಮನೆಯಲ್ಲಿದೆಯೋ ನಾನು ಕಾಣೆ. ನನ್ನ ಮನೆಯಲ್ಲಂತೂ ಇಲ್ಲ.

ಮಿಲ್ಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಮೊದಲೆಲ್ಲ ನಾನು ಮಾಗಡಿಯಲ್ಲಿ ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದರೆ ಮೂರು ಮನೆ ದಾಟುವಷ್ಟರಲ್ಲಿ ಯಾರಾದರೂ ತಡೆದು, "ನೀನು ಗಂಗಮ್ಮನ ಮೊಮ್ಮಗಳಲ್ವೇನವ್ವ, ಮಿಲ್ ಗಂಗಮ್ಮನ?" ಎಂದು ಕೇಳುತ್ತಿದ್ದರು. ಹೌದು ಎಂದರೆ ಒಳಗೆ ಕರೆದು ಕೂರಿಸಿ ಕಾಫಿ ಕೊಡದೆ ಬಿಡುತ್ತಿರಲಿಲ್ಲ. ಈ ಸಲ ಅವರೆಕಾಯಿ ತರಲು ಹೋದವಳು ಆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನಡೆದೆ. ಯಾರೂ ಕೇಳಲಿಲ್ಲ. ತುದಿ ಮುಟ್ಟಿದ ಮೇಲೆ ಹಿಂದಿರುಗಿ, ಇನ್ನೊಂದು ಸಲ ನಡೆದೆ.